ಇಪ್ಪತ್ತನಾಲ್ಕು ಪುಟಗಳ ಕೆಲಸ: ಮಕ್ಕಳಿಗೆ ಪುಸ್ತಕ ಬರೆಯಹೊರಟವರಿಗೆ

ನನ್ನ ಈಚಿನ ಪುಸ್ತಕದಲ್ಲಿ ಇರುವುದು 412 ಪದ. ಒಬ್ಬ ಅಜ್ಜಿ ತನ್ನ ಕೋಳಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತುವ ಕಥೆ. ಮೊದಲ ಸಾಲು ಬರೆದ ದಿನದಿಂದ ಪುಸ್ತಕ ಕೈಗೆ ಬರುವವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಬರೆದದ್ದು ಒಂಬತ್ತು ಬೆಳಗು. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವರು ಪುಸ್ತಕವನ್ನು ತಿರುವಿ ನೋಡಿ, ಎರಡೇ ನಿಮಿಷದಲ್ಲಿ ಓದಿ ಮುಗಿಸಿ, "ಮಕ್ಕಳ ಕಥೆ ತಾನೇ, ಒಂದು ಭಾನುವಾರ ಕುಳಿತರೆ ಆಗುತ್ತದಲ್ಲ" ಎಂದರು. ಆ ಮಾತಿಗೆ ಉತ್ತರವಾಗಿ ಈ ಲೇಖನ. ಬರೆಯಬೇಕೆಂದು ಆಸೆಯಿಟ್ಟುಕೊಂಡು ನನಗೆ ಫೋನು ಮಾಡುವವರಿಗೂ ಇದೇ ಉತ್ತರ.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಪುಸ್ತಕವನ್ನು ಮಕ್ಕಳು ಕೊಳ್ಳುವುದಿಲ್ಲ. ಪ್ರಕಾಶಕರು ಒಪ್ಪಬೇಕು, ಆಯ್ಕೆ ಸಮಿತಿಯವರು ಆರಿಸಬೇಕು, ಮೇಷ್ಟರು ಅದನ್ನು ಬೀರುವಿನಿಂದ ಹೊರಗೆ ತೆಗೆಯಬೇಕು, ಅಪ್ಪ ಅಮ್ಮ ದುಡ್ಡು ಕೊಡಬೇಕು. ಇಷ್ಟು ಜನ ದೊಡ್ಡವರನ್ನು ದಾಟಿದ ಮೇಲೆ ಪುಸ್ತಕ ಮಗುವಿನ ಕೈ ಸೇರುತ್ತದೆ. ದಾರಿಯಲ್ಲಿ ಸಿಗುವವರನ್ನೆಲ್ಲ ಮೆಚ್ಚಿಸುತ್ತ ಹೋದರೆ ಮಗುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಮುಂದೆ ಹೇಳುವ ಪ್ರತಿ ಹೆಜ್ಜೆಯಲ್ಲೂ ನನ್ನ ಕಣ್ಣು ಇದರ ಮೇಲೆ ಇದೆ.

1. ಹೊಟ್ಟೆಪಾಡಿನ ಲೆಕ್ಕ ಹಾಕಿಕೊಳ್ಳಿ

ಪುಸ್ತಕದ ಬೆಲೆ 70 ರೂಪಾಯಿ ಎಂದುಕೊಳ್ಳಿ. ಸಾವಿರ ಪ್ರತಿ ಅಚ್ಚಾಗುತ್ತದೆ. ಗೌರವಧನ ಎಂದಾಗ ಸಾಮಾನ್ಯವಾಗಿ ಮಾತಿಗೆ ಬರುವುದು ಮುಖಬೆಲೆಯ ಶೇಕಡ 10. ಸಾವಿರವೂ ಮಾರಾಟವಾದರೆ 7,000 ರೂಪಾಯಿ. ಚಿತ್ರ ಬರೆದವರೊಂದಿಗೆ ಸಮಪಾಲು ಮಾಡಿಕೊಂಡರೆ 3,500. ಹದಿನಾಲ್ಕು ತಿಂಗಳಿಗೆ ಭಾಗಿಸಿ ನೋಡಿ, ತಿಂಗಳಿಗೆ 250 ರೂಪಾಯಿ.

ಆದ್ದರಿಂದ ಕೆಲಸ ಬಿಡಬೇಡಿ. ಪಂಜೆ ಮಂಗೇಶರಾಯರು ಶಿಕ್ಷಣ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಜಿ.ಪಿ. ರಾಜರತ್ನಂ ಕನ್ನಡ ಅಧ್ಯಾಪಕರಾಗಿದ್ದರು. ನನ್ನ ಪಾಲಿಗೆ ಸಿಗುವುದು ಬೆಳಗಿನ ಐದೂವರೆಯಿಂದ ಆರೂಮುಕ್ಕಾಲು, ಹಾಲಿನವನು ಬರುವವರೆಗೆ. ಚಿಕ್ಕ ಪುಸ್ತಕಕ್ಕೆ ಅಷ್ಟು ಹೊತ್ತು ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕುಳಿತಾಗ ನಾನು ವಿಶೇಷಣಗಳನ್ನು ಸೇರಿಸತೊಡಗುತ್ತೇನೆ.

2. ಯಾವ ಮಗುವಿಗೆ ಎಂಬುದನ್ನು ತೀರ್ಮಾನಿಸಿ

"ಮಕ್ಕಳಿಗಾಗಿ" ಎಂದರೆ ಯಾರಿಗೂ ಅಲ್ಲ. ಮೂರು ವರ್ಷದವರು ಮಡಿಲಲ್ಲಿ ಕುಳಿತು ಕೇಳುತ್ತಾರೆ, ಏಳು ವರ್ಷದವರು ಬೆರಳಿಟ್ಟು ಓದುತ್ತಾರೆ, ಹನ್ನೊಂದು ವರ್ಷದವರು ಮಂಚದ ಕೆಳಗೆ ಒಬ್ಬರೇ ಓದುತ್ತಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತಕ್ಕೆ 250 ಪದಗಳವರೆಗೆ, ಎರಡನೆಯದಕ್ಕೆ 600, ಮೂರನೆಯದಕ್ಕೆ 1,500, ಅದಕ್ಕೂ ಮೇಲಿನದು ನಾಲ್ಕು. ಈ ಅಳತೆಗೋಲು ಹೊಸಬರಿಗೆ ಒಳ್ಳೆಯದು. ಅಲ್ಲಿ ಕನ್ನಡದ ಕಥೆಗಳನ್ನು ಬಿಟ್ಟಿಯಾಗಿ ಓದಬಹುದು; ಬರೆಯಲು ಕೂರುವ ಮೊದಲು ನಿಮ್ಮ ಹಂತದ ಐವತ್ತನ್ನಾದರೂ ಓದಿ.

ಆದರೆ ಪದಗಳ ಎಣಿಕೆ ಕನ್ನಡದಲ್ಲಿ ಅರ್ಧ ಸತ್ಯ. "ಹೋಗುತ್ತಿದ್ದುದರಿಂದಲೇ" ಎಂಬುದು ಎಣಿಕೆಗೆ ಒಂದೇ ಪದ, ಎರಡನೇ ತರಗತಿಯ ಮಗುವಿಗೆ ಅದೊಂದು ಘಟ್ಟದ ರಸ್ತೆ. ನೋಡಬೇಕಾದದ್ದು ಅಕ್ಷರಗಳನ್ನು. ಓದು ಕಲಿಯುವ ಮಗು ಮೊದಲು ಬಿಡಿ ಅಕ್ಷರ ಹಿಡಿಯುತ್ತದೆ, ಆಮೇಲೆ ಗುಣಿತಾಕ್ಷರ, ಆಮೇಲೆ ಒತ್ತಕ್ಷರ. ಒತ್ತಕ್ಷರದಲ್ಲೂ ಅದೇ ಅಕ್ಷರ ಕೆಳಗೆ ಬರುವ ಸಜಾತೀಯ ಸುಲಭ, ಬೇರೆ ಅಕ್ಷರ ಬರುವ ವಿಜಾತೀಯ ಕಷ್ಟ. ಹಾಗೆಂದು ಒತ್ತಕ್ಷರವನ್ನೇ ಬಿಟ್ಟು ಬರೆಯಲು ಹೊರಟರೆ ಏನಾಗುತ್ತದೆ ಗೊತ್ತೇ? ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅಕ್ಕ, ಚಿಕ್ಕಪ್ಪ ಎಲ್ಲರೂ ಕಥೆಯಿಂದ ಹೊರಗೆ ನಿಲ್ಲುತ್ತಾರೆ. ಮಾಮ ಮತ್ತು ತಾತ ಮಾತ್ರ ಉಳಿಯುತ್ತಾರೆ. ನನ್ನ ಮೊದಲ ಪುಸ್ತಕದಲ್ಲಿ ಒಬ್ಬ ಮಾಮ ಕಾರಣವಿಲ್ಲದೆ ಮನೆ ತುಂಬ ಓಡಾಡುವುದಕ್ಕೆ ಇದೇ ಕಾರಣ. ಯಾರೂ ಅದನ್ನು ಗಮನಿಸಲಿಲ್ಲ, ನನಗೆ ಮಾತ್ರ ಈಗಲೂ ನಾಚಿಕೆ.

ನಾನು ಈಗ ಇಟ್ಟುಕೊಂಡಿರುವ ನಿಯಮ ಸಡಿಲವಾದದ್ದು. ಮನೆಯ ಮಾತಿನಲ್ಲಿ ದಿನವೂ ಕೇಳುವ ಪದವಾದರೆ ಒತ್ತಕ್ಷರವಿದ್ದರೂ ಇರಲಿ. "ಕಂಡಕ್ಟರ್" ಎಂಬ ಪದವನ್ನು ಮಗು ಅಕ್ಷರ ಕೂಡಿಸಿ ಓದುವುದಿಲ್ಲ, ಗುರುತು ಹಿಡಿದು ಓದುತ್ತದೆ. "ನಿರ್ವಾಹಕ" ಎಂದು ಬರೆದರೆ ಶುದ್ಧ ಕನ್ನಡವೆಂದು ದೊಡ್ಡವರು ಮೆಚ್ಚುತ್ತಾರೆ, ಮಗು ಅರ್ಕಾವತ್ತಿನಲ್ಲಿ ಎಡವುತ್ತದೆ.

3. ಮಕ್ಕಳ ಮುಂದೆ ಓದಿ, ಬಾಯಿ ಮುಚ್ಚಿಕೊಂಡು ನೋಡಿ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಹೌದು. ನಿಮ್ಮ ಮಗ, ತಂಗಿಯ ಮಗಳು ಲೆಕ್ಕಕ್ಕಿಲ್ಲ; ಅವರಿಗೆ ನಿಮ್ಮ ಮೇಲೆ ಪ್ರೀತಿ ಇದೆ. ಗುರುತಿಲ್ಲದ ಮಕ್ಕಳು ಬೇಕು. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರನ್ನು ಕೇಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಬಂದ ಮೇಲೆ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ, ಸಂಜೆ ಹೊತ್ತು ನಾಲ್ಕಾರು ಮಕ್ಕಳು ಸಿಕ್ಕೇ ಸಿಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಬೇಸಿಗೆ ಶಿಬಿರಗಳಿವೆ.

ಹೋಗುವಾಗ ಅಚ್ಚಾದ ಪುಸ್ತಕದಂತೆ ಕಾಣುವ ಏನನ್ನೂ ಒಯ್ಯಬೇಡಿ, ಬಿಡಿ ಹಾಳೆ ಸಾಕು. ನಾನೇ ಬರೆದದ್ದು ಎಂದು ಹೇಳಬೇಡಿ. ನೆಲದ ಮೇಲೆ ಕುಳಿತು ಒಮ್ಮೆ ಓದಿ. ಓದಿ ಮುಗಿಸಿ "ಚೆನ್ನಾಗಿದೆಯಾ?" ಎಂದು ಮಾತ್ರ ಕೇಳಬೇಡಿ. ನಮ್ಮ ಶಾಲೆಗಳಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ, ಅದೂ ರಾಗವಾಗಿ, ಎಲ್ಲರೂ ಒಟ್ಟಿಗೆ: "ಹೌದು ಸಾರ್." ಅದರಿಂದ ತಿಳಿಯುವುದು ಅವರಿಗೆ ಮನೆಗೆ ಹೋಗುವ ಹೊತ್ತಾಯಿತು ಎಂಬುದಷ್ಟೆ.

ನೋಡಬೇಕಾದದ್ದು ಕಾಲುಗಳನ್ನು. ಮಕ್ಕಳ ಮುಖ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ. ಬೇಸರವಾದೊಡನೆ ಕಾಲು ಅಲುಗುತ್ತದೆ, ಪಕ್ಕದವರ ಚೀಲ ಒದೆಯುತ್ತದೆ. ಯಾವ ಸಾಲಿನಲ್ಲಿ ಅಲುಗಿತೋ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡಿ. ಮೂರು ಕಡೆ ಓದಿದಾಗ ಮೂರರಲ್ಲೂ ಅದೇ ಸಾಲಿಗೆ ಚುಕ್ಕೆ ಬಿದ್ದರೆ ಆ ಸಾಲು ಎಷ್ಟೇ ಸುಂದರವಾಗಿರಲಿ, ಹೋಗಬೇಕು. ಇನ್ನೊಂದು ಪರೀಕ್ಷೆ: ಒಂದು ವಾರ ಬಿಟ್ಟು ಮತ್ತೆ ಹೋಗಿ, "ಹೋದ ವಾರದ ಕಥೆ ನನಗೆ ಮರೆತುಹೋಗಿದೆ, ಹೇಳುತ್ತೀರಾ?" ಎಂದು ಕೇಳಿ. ಅವರು ಬಿಟ್ಟು ಹೇಳಿದ್ದನ್ನು ನೀವೂ ಬಿಡಿ. ಅವರು ಸೇರಿಸಿ ಹೇಳಿದ್ದನ್ನು ಬರೆದುಕೊಳ್ಳಿ.

ಕೋಳಿಯ ಕಥೆ ಮೊದಲು ಹೀಗಿತ್ತು: ಅಜ್ಜಿ ಮಗಳ ಊರಿಗೆ ಹೊರಡುತ್ತಾಳೆ, ಕೋಳಿ ಚೀಲದಿಂದ ಹಾರಿ ಬಸ್ಸಿನಲ್ಲಿ ರಂಪ ಮಾಡುತ್ತದೆ, ಎಲ್ಲರೂ ಸೇರಿ ಹಿಡಿಯುತ್ತಾರೆ. ನನಗೆ ಬಹಳ ತಮಾಷೆಯಾಗಿ ಕಂಡಿತ್ತು. ಶಿವಮೊಗ್ಗ ಜಿಲ್ಲೆಯ ಒಂದು ಶಾಲೆಯಲ್ಲಿ ಓದಿದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ, "ಕೋಳಿಗೆ ಟಿಕೆಟ್ ತೆಗೆಸಿದರಾ ಸಾರ್?" ಎಂದ. ನಮ್ಮ ಬಸ್ಸುಗಳಲ್ಲಿ ಕೋಳಿಗೂ ದುಡ್ಡು ಕೊಡಬೇಕು, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ನಾನು ತಡವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಅದು ಹುಂಜವೋ ಹೇಂಟೆಯೋ? ಹೇಂಟೆಯಾದರೆ ಅದಕ್ಕೂ ಬಿಟ್ಟಿ."

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಅಜ್ಜಿಗೆ ಇಲ್ಲದ ದುಡ್ಡು ಹೇಂಟೆಗೆ ಏಕೆ? ಇಡೀ ತರಗತಿ ಎರಡು ಪಕ್ಷವಾಯಿತು, ಹುಡುಗರು ಹುಂಜದ ಪರ ವಾದಿಸಿದರು, ಗಂಟೆ ಬಾರಿಸಿದ್ದು ಯಾರಿಗೂ ಕೇಳಲಿಲ್ಲ. ನನ್ನ ರಂಪದ ಕಥೆಯನ್ನು ಅಲ್ಲೇ ಬಿಟ್ಟು ಅವರ ವಾದವನ್ನು ಮನೆಗೆ ತಂದೆ. ಆಮೇಲೆ ಅದನ್ನು ಖಾಸಗಿ ಬಸ್ಸು ಮಾತ್ರ ಓಡಾಡುವ ಒಂದು ಹಳ್ಳಿಯಲ್ಲಿ ಓದಿದಾಗ ಮಕ್ಕಳು ಪಿಳಿಪಿಳಿ ನೋಡಿದರು. ಅವರ ಊರಿನಲ್ಲಿ ಅಜ್ಜಿಗೂ ದುಡ್ಡೇ. "ಬಸ್ಸು ಬಂತು" ಎಂದಿದ್ದದ್ದು "ಸರ್ಕಾರಿ ಬಸ್ಸು ಬಂತು" ಎಂದಾಯಿತು. ಆ ಒಂದು ಪದಕ್ಕಾಗಿ ಅರವತ್ತು ಕಿಲೋಮೀಟರ್ ಹೋಗಿ ಬಂದೆ.

ಒಂದು ವಹಿ ಸದಾ ಜೇಬಿನಲ್ಲಿರಲಿ. ಇಂಥ ಮಾತು ಮನೆಗೆ ಬರುವಷ್ಟರಲ್ಲಿ ಸಪ್ಪೆಯಾಗುತ್ತದೆ, ಅಲ್ಲಿಯೇ ಬರೆದುಕೊಳ್ಳಬೇಕು.

4. ಆರು ಹಾಳೆ ಮಡಿಚಿ

ಚಿತ್ರಪುಸ್ತಕ ಬರೆಯುವುದಾದರೆ ಕಂಪ್ಯೂಟರ್ ಮುಚ್ಚಿ, ಆರು ಎ4 ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಮಡಿಚಿ, ಎರಡು ಪಿನ್ನು ಹೊಡೆಯಿರಿ. 24 ಪುಟ ಸಿಕ್ಕಿತು. ನಡುವೆ ಪಿನ್ನು ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು, ಇಪ್ಪತ್ತೆರಡು ಪುಟದ ಕಥೆ ಎಂಬುದಿಲ್ಲ. ಮೊದಲ ಪುಟ ಶೀರ್ಷಿಕೆಗೆ, ಎರಡನೆಯದು ಪ್ರಕಾಶಕರ ವಿವರಕ್ಕೆ. ಕಥೆ ಮೂರನೆಯ ಪುಟದಲ್ಲಿ ಕಾಲಿಡುತ್ತದೆ. 4ರಿಂದ 23ರವರೆಗೆ ಹತ್ತು ಜೋಡಿ ಪುಟಗಳು. 24 ಕೊನೆಯ ನಗೆಗೆ. ಅಷ್ಟೇ ನಿಮ್ಮ ಆಸ್ತಿ.

ನಿಮ್ಮ ಕಥೆಯನ್ನು ಕತ್ತರಿಸಿ ಪ್ರತಿ ಜೋಡಿಗೆ ಅಂಟಿಸಿ. ಆಗ ಮೂರು ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಆರಂಭಕ್ಕೆ ನಾಲ್ಕು ಜೋಡಿ ತಿಂದಿರುತ್ತೀರಿ. ಅಜ್ಜಿ ಬಸ್ಸು ಹತ್ತುವಷ್ಟರಲ್ಲಿ ಅರ್ಧ ಪುಸ್ತಕ ಮುಗಿದಿರುತ್ತದೆ. ಎರಡನೆಯದು, ಮೂರು ಜೋಡಿಗಳಲ್ಲಿ ಎಲ್ಲರೂ ಕುಳಿತು ಮಾತಾಡುತ್ತಿರುತ್ತಾರೆ. ಚಿತ್ರ ಬರೆಯುವವರು ಏನು ಬರೆಯಬೇಕು? ಮೂರನೆಯದು, ಪ್ರಶ್ನೆ ಮತ್ತು ಉತ್ತರ ಒಂದೇ ನೋಟಕ್ಕೆ ಸಿಗುವಂತೆ ಇಟ್ಟಿರುತ್ತೀರಿ. ಪ್ರಶ್ನೆ ಬಲಗಡೆಯ ಪುಟದ ಕೊನೆಗೆ ಇರಬೇಕು, ಉತ್ತರ ಹಾಳೆ ತಿರುವಿದ ಮೇಲೆ. ಹಾಳೆ ತಿರುವುವುದೇ ಮಗುವಿನ ಕೈಯಲ್ಲಿರುವ ಒಂದೇ ಅಧಿಕಾರ. ಅದಕ್ಕೆ ಬೆಲೆ ಇರುವಂತೆ ಮಾಡಿ.

12 ಮತ್ತು 13ನೆಯ ಪುಟಗಳು ಒಂದೇ ಹಾಳೆಯ ಮೇಲೆ ಬರುತ್ತವೆ, ನಡುವೆ ಕತ್ತರಿಸಿದ ಅಂಚು ಇರುವುದಿಲ್ಲ. ದೊಡ್ಡ ಚಿತ್ರವನ್ನು, ನನ್ನ ಕಥೆಯಲ್ಲಿ ಬಸ್ಸಿನ ಉದ್ದಕ್ಕೂ ಕುಳಿತ ಎಲ್ಲರೂ ವಾದ ಮಾಡುವ ನೋಟವನ್ನು, ಅಲ್ಲಿಗೆ ಬರುವಂತೆ ಜೋಡಿಸಿಕೊಂಡೆ.

ಆಮೇಲೆ ಕತ್ತರಿ. ಚಿತ್ರದಲ್ಲಿ ಕಾಣುವುದನ್ನೆಲ್ಲ ಮಾತಿನಿಂದ ತೆಗೆಯಿರಿ. "ಅಜ್ಜಿ ಹಸಿರು ಸೀರೆ ಉಟ್ಟು, ಕೈಯಲ್ಲಿ ನೀಲಿ ಚೀಲ ಹಿಡಿದು ಹೊರಟಳು" ಎಂಬುದು "ಅಜ್ಜಿ ಹೊರಟಳು" ಎಂದಾಯಿತು. ನನ್ನ ಹಸ್ತಪ್ರತಿ 900 ಪದಗಳಿಂದ 412ಕ್ಕೆ ಇಳಿದದ್ದು ಹೀಗೆ. ನೋವಾಗುತ್ತದೆ. ಕತ್ತರಿಸಿದ ಸಾಲುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಇಡಿ, ಮುಂದೆ ಬೇಕಾಗಬಹುದು ಎಂಬ ಸಮಾಧಾನಕ್ಕೆ. ನನಗೆ ಇದುವರೆಗೆ ಒಂದೂ ಬೇಕಾಗಿಲ್ಲ.

5. ಪದ್ಯವಾದರೆ ಬೆರಳಲ್ಲಿ ಎಣಿಸಿ

ಕೊನೆಯಲ್ಲಿ ಪ್ರಾಸ ಕೂಡಿದರೆ ಪದ್ಯವಾಯಿತು ಎಂದುಕೊಳ್ಳುವವರೇ ಹೆಚ್ಚು. ಮಕ್ಕಳ ಬಾಯಲ್ಲಿ ಉಳಿಯುವುದು ನಡಿಗೆ. ನಾಲ್ಕು ಮಾತ್ರೆಯ, ಅಂದರೆ ನಾಲ್ಕು ಗಿಡ್ಡ ಅಕ್ಷರ ಹೇಳುವಷ್ಟು ಹೊತ್ತಿನ, ಗಣ ನಮ್ಮ ಮಕ್ಕಳ ಪದ್ಯಗಳ ಸಹಜ ನಡಿಗೆ:

ಹೇಂಟೆಯು ಹತ್ತಿತು ಕೆಂಪಿನ ಬಸ್ಸು
ಟಿಕೆಟಿಗೆ ಕೊಟ್ಟಿತು ಕಾಳಿನ ಕಾಸು

ಹೇಂಟೆಯು, ಹತ್ತಿತು, ಕೆಂಪಿನ. ಪ್ರತಿಯೊಂದೂ ನಾಲ್ಕು ಮಾತ್ರೆ, ಕೊನೆಗೆ ಮೂರು ಮತ್ತು ಒಂದು ಉಸಿರು. ಎರಡನೆಯ ಸಾಲನ್ನು "ಟಿಕೆಟ್ಟಿಗಾಗಿ ಕೊಟ್ಟಿತು ಕಾಸು" ಎಂದು ಬದಲಿಸಿ ಚಪ್ಪಾಳೆ ತಟ್ಟುತ್ತ ಹೇಳಿ ನೋಡಿ. ಅರ್ಥ ಅದೇ, ಆದರೆ ಎರಡನೆಯ ಚಪ್ಪಾಳೆ ಪದದ ನಡುವೆ ಬೀಳುತ್ತದೆ, ಮಕ್ಕಳು ಅಲ್ಲೇ ಮುಗ್ಗರಿಸುತ್ತಾರೆ. ಛಂದಸ್ಸಿನ ಪುಸ್ತಕ ಹಿಡಿಯಲು ಮನಸ್ಸಿಲ್ಲದಿದ್ದರೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತ ಹೇಳಿ ನೋಡಿ. ಕುಣಿಯಲು ಬಾರದ ಸಾಲು ಪುಸ್ತಕದಲ್ಲೂ ಕುಣಿಯುವುದಿಲ್ಲ.

6. ನೀತಿಯ ವಿಷಯ

ಪ್ರತಿ ಪುಸ್ತಕಕ್ಕೂ ಯಾರಾದರೊಬ್ಬರು ಕೇಳುತ್ತಾರೆ: "ಇದರಿಂದ ಮಕ್ಕಳಿಗೆ ಏನು ಸಂದೇಶ?" ಕೇಳುವವರು ಕೆಟ್ಟವರಲ್ಲ, ಆದರೆ ಹತ್ತು ವರ್ಷ ದಾಟಿದವರು. ನಾನು ಮೊದಲು ವಾದಿಸುತ್ತಿದ್ದೆ. ಈಗ, "ಕೋಳಿಗೂ ಟಿಕೆಟ್ ತೆಗೆಸಬೇಕು ಎಂಬುದು ಸಂದೇಶ" ಎನ್ನುತ್ತೇನೆ. ಕೊನೆಯ ಪುಟಕ್ಕೆ ನೀತಿ ಸೇರಿಸಲು ಒತ್ತಾಯ ಬಂದರೆ ಮುಖಪುಟದ ಹಿಂಬದಿಯಲ್ಲಿ ಶಿಕ್ಷಕರಿಗೆಂದು ನಾಲ್ಕು ಸಾಲು ಬರೆದುಕೊಡುತ್ತೇನೆಂದು ಹೇಳಿ. ಬಹಳಷ್ಟು ಸಲ ಇದರಿಂದ ಇಬ್ಬರಿಗೂ ಸಮಾಧಾನವಾಗುತ್ತದೆ, ಕಥೆಯೂ ಉಳಿಯುತ್ತದೆ.

7. ಹಸ್ತಪ್ರತಿ ಕಳುಹಿಸುವುದು, ಕರಾರು ಓದುವುದು

ಮೊದಲು ಬಿಡಿ ಕಥೆಗಳನ್ನು ಪತ್ರಿಕೆಗಳ ಭಾನುವಾರದ ಪುರವಣಿಯ ಮಕ್ಕಳ ಪುಟಕ್ಕೆ, ಮಕ್ಕಳ ಮಾಸಿಕಗಳಿಗೆ ಕಳುಹಿಸಿ. ಹೆಸರು ಅಚ್ಚಾಗುವುದಕ್ಕಿಂತ ಮುಖ್ಯವಾದ ಲಾಭ, ಹೇಳಿದಷ್ಟೇ ಪದಗಳಲ್ಲಿ, ಹೇಳಿದ ದಿನಕ್ಕೆ ಕೊಡುವ ಅಭ್ಯಾಸ. ಪುಸ್ತಕಕ್ಕಾದರೆ ಕನ್ನಡದಲ್ಲಿ ದಾರಿಗಳಿವೆ: 1960ರಿಂದ ನಡೆಯುತ್ತಿರುವ ನವಕರ್ನಾಟಕ, 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ಕನ್ನಡದಲ್ಲೂ ಚಿತ್ರಪುಸ್ತಕ ತರುವ ಚೆನ್ನೈನ ತೂಲಿಕಾ, ಜೊತೆಗೆ ಜಿಲ್ಲೆಗಳ ಸಣ್ಣ ಪ್ರಕಾಶಕರು. ಪ್ರತಿಯೊಬ್ಬರ ನಾಲ್ಕೈದು ಪುಸ್ತಕ ಓದದೆ ಕಳುಹಿಸಬೇಡಿ. ಜೊತೆಯ ಪತ್ರ ಅರ್ಧ ಪುಟ ಮೀರದಿರಲಿ: ಯಾವ ವಯಸ್ಸಿಗೆ, ಎಷ್ಟು ಪದ, ಎಷ್ಟು ಪುಟ, ಎಷ್ಟು ಮಕ್ಕಳ ಮುಂದೆ ಓದಿದ್ದೀರಿ. ಸನ್ಮಾನಗಳ ಪಟ್ಟಿ ಬೇಡ. ಸೋದರಳಿಯ ಬರೆದ ಚಿತ್ರಗಳೂ ಬೇಡ.

ಆಮೇಲೆ ಕಾಯುವುದು. ಮೂರು ತಿಂಗಳಿಗೊಮ್ಮೆ ಒಂದು ಸೌಜನ್ಯದ ಪತ್ರ ಬರೆದರೆ ತಪ್ಪಲ್ಲ.

ಒಪ್ಪಿಗೆ ಬಂದ ಖುಷಿಯಲ್ಲಿ ನಮ್ಮವರು ಕರಾರು ಓದುವುದಿಲ್ಲ, ಕೆಲವು ಕಡೆ ಕರಾರೇ ಇರುವುದಿಲ್ಲ. ನನ್ನ ಎರಡನೆಯ ಪುಸ್ತಕ ಬಾಯಿಮಾತಿನ ಮೇಲೆ ಹೋಯಿತು. ಎಷ್ಟು ಪ್ರತಿ ಮಾರಾಟವಾಯಿತು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ, ಬಂದದ್ದು ಇಪ್ಪತ್ತೈದು ಪ್ರತಿ ಮತ್ತು ಒಂದು ಹಣ್ಣಿನ ಬುಟ್ಟಿ. ತಪ್ಪು ಅರ್ಧ ನನ್ನದೇ, ಕೇಳಬೇಕಿತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ನಿಮ್ಮ ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ "ಎಲ್ಲ ಹಕ್ಕುಗಳೂ, ಶಾಶ್ವತವಾಗಿ" ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅನುವಾದ, ಧ್ವನಿಮುದ್ರಣ, ಪಠ್ಯಪುಸ್ತಕದಲ್ಲಿ ಸೇರಿಸುವುದು, ಇವುಗಳನ್ನು ಬೇರೆ ಬೇರೆಯಾಗಿ ಬರೆಸಿ. ಮುಕ್ತ ಪರವಾನಗಿಯಲ್ಲಿ ಪ್ರಕಟಿಸುವುದಾದರೆ ಅದರ ಅರ್ಥ ತಿಳಿದು ಒಪ್ಪಿ. ಸ್ಟೋರಿವೀವರ್‌ನಲ್ಲಿ ಬಳಕೆಯಲ್ಲಿರುವಂಥ ಪರವಾನಗಿಯಲ್ಲಿ ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿ ಮಾರಲೂಬಹುದು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು. ನನ್ನ ಎರಡು ಕಥೆಗಳನ್ನು ಹಾಗೆ ಕೊಟ್ಟಿದ್ದೇನೆ, ಬೇಸರವಿಲ್ಲ, ಎಲ್ಲವನ್ನೂ ಕೊಡುವುದಿಲ್ಲ.

ಇದೇ ಕಾಯ್ದೆ ನಿಮ್ಮ ಮೇಲೂ ಅನ್ವಯಿಸುತ್ತದೆ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಪಂಜೆಯವರು 1937ರಲ್ಲಿ ತೀರಿಕೊಂಡರು, ಅವರು ಪ್ರಕಟಿಸಿದ ಪದ್ಯಗಳನ್ನು ನಿಮ್ಮ ಸಂಕಲನದಲ್ಲಿ ಸೇರಿಸಿಕೊಳ್ಳಬಹುದು. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಎಲ್ಲರ ಬಾಯಲ್ಲೂ ಇವೆ ಎಂದು ಅವರ ಪದ್ಯಗಳನ್ನು ಅನುಮತಿ ಇಲ್ಲದೆ ಅಚ್ಚು ಹಾಕುವಂತಿಲ್ಲ, 2039 ಮುಗಿಯಬೇಕು.

8. ಚಿತ್ರ ಬರೆಯುವವರಿಗೆ ಜಾಗ ಬಿಡಿ

ಅವರು ನಿಮ್ಮ ಕಥೆಗೆ ಅಲಂಕಾರ ಮಾಡುವವರಲ್ಲ, ಪುಸ್ತಕದ ಇನ್ನೊಬ್ಬ ಲೇಖಕರು. ಹೀಗೇ ಬರೆಯಿರಿ ಎಂದು ಪುಟಗಟ್ಟಲೆ ಸೂಚನೆ ಕೊಡಬೇಡಿ. ಆದರೆ ಸಂಗತಿಗಳನ್ನು ಒದಗಿಸಿ. ನಮ್ಮ ಕಲಾವಿದೆ ಮೊದಲ ಕರಡಿನಲ್ಲಿ ಕಂಡಕ್ಟರ ಕೈಗೆ ಟಿಕೆಟ್ ಕಟ್ಟು ಮತ್ತು ತೂತು ಹೊಡೆಯುವ ಇಕ್ಕಳ ಕೊಟ್ಟಿದ್ದರು. ಚೆಂದದ ಚಿತ್ರ, ಆದರೆ ಈಗಿನ ಮಕ್ಕಳು ನೋಡಿರುವುದು ಕರಕರ ಎಂದು ಚೀಟಿ ಉಗುಳುವ ಯಂತ್ರವನ್ನು. ನಾನು ಬಸ್‌ ನಿಲ್ದಾಣಕ್ಕೆ ಹೋಗಿ ಹನ್ನೆರಡು ಫೋಟೊ ತೆಗೆದು ಕಳುಹಿಸಿದೆ. ಅವರು ಅದಕ್ಕೆ ಪ್ರತಿಯಾಗಿ, ಕಥೆಯಲ್ಲಿ ನಾನು ಯೋಚಿಸಿಯೇ ಇರದ ಒಂದು ಬೆಕ್ಕನ್ನು ಕೊನೆಯ ಸೀಟಿನಲ್ಲಿ ಕೂರಿಸಿದರು. ಅದು ಟಿಕೆಟ್ ಇಲ್ಲದೆ ಪ್ರಯಾಣ ಮಾಡುತ್ತಿದೆ ಎಂದು ಪತ್ತೆಹಚ್ಚುವುದೇ ಈಗ ಮಕ್ಕಳಿಗೆ ಆಟ. ಅವರ ಹೆಸರು ಮುಖಪುಟದ ಮೇಲೆ ನಿಮ್ಮ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬರಲಿ ಎಂದು ಕೇಳುವುದು ನಿಮ್ಮ ಕೆಲಸ.

9. ಕರಡು ತಿದ್ದುವಾಗ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀವು ಯೂನಿಕೋಡ್‌ನಲ್ಲಿ ಕಳುಹಿಸಿದ್ದನ್ನು ಮುದ್ರಣಕ್ಕೆ ಪುಟ ಕಟ್ಟುವವರು ಬೇರೆ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಮತ್ತು ಅರ್ಕಾವತ್ತು ಜಾರುತ್ತವೆ. ನನ್ನ ಕರಡಿನಲ್ಲಿ "ಕೋಳಿ ಕಾಳು ಹೆಕ್ಕಿತು" ಎಂಬುದು "ಕೋಳಿ ಕಾಲು ಹೆಕ್ಕಿತು" ಎಂದಾಗಿತ್ತು, ಇದು ಮಾತ್ರ ಯಂತ್ರದ ತಪ್ಪಲ್ಲ, ಮನುಷ್ಯರದು. ದೊಡ್ಡವರ ಕಾದಂಬರಿಯಲ್ಲಿ ಒಂದು ತಪ್ಪನ್ನು ಓದುಗರು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಓದು ಕಲಿಯುತ್ತಿರುವ ಮಗು ಅದನ್ನೇ ಸರಿ ಎಂದು ನಂಬುತ್ತದೆ. ಕರಡನ್ನು ಕಾಗದದಲ್ಲಿ ತರಿಸಿ, ಕೊನೆಯ ಪುಟದಿಂದ ಹಿಂದಕ್ಕೆ ಓದಿ. ಸಾಲಿನ ಕೊನೆಯಲ್ಲಿ ಪದ ಮುರಿದು ಕೆಳಕ್ಕೆ ಇಳಿಯದಂತೆ ನೋಡಿ. ಮುರಿಯಲೇಬೇಕಾದಷ್ಟು ಉದ್ದದ ಪದವಿದ್ದರೆ ತಪ್ಪು ಪುಟ ಕಟ್ಟಿದವರದಲ್ಲ, ನಿಮ್ಮದು.

10. ಪುಸ್ತಕ ಬಂದ ಮೇಲಿನ ಕಾಗದಪತ್ರ

ನೀವೇ ಪ್ರಕಾಶಕರಾಗುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯನ್ನು, ಅಂದರೆ ಐಎಸ್‌ಬಿಎನ್‌ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್ ಅರ್ಜಿಯ ಮೂಲಕ ಉಚಿತವಾಗಿ ಕೊಡುತ್ತದೆ. ಕೊಡಿಸುತ್ತೇನೆಂದು ದುಡ್ಡು ಕೇಳುವವರನ್ನು ನಂಬಬೇಡಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯಾ ವರ್ಷದ ಮೊದಲ ಮುದ್ರಣದ ಪುಸ್ತಕಗಳನ್ನು ಕೊಳ್ಳಲು ಅರ್ಜಿ ಕರೆಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳನ್ನೂ ಗಮನಿಸುತ್ತಿರಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅಲ್ಲಿ ಪ್ರೋತ್ಸಾಹಧನದ ಯೋಜನೆ ಇದೆ. ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, 50,000 ರೂಪಾಯಿ. ಅದನ್ನು ನೆನೆಸಿಕೊಂಡು ಬರೆಯಲು ಕೂರಬೇಡಿ, ಅಷ್ಟೆ.

ಒಂದು ಲೆಕ್ಕದ ಪುಸ್ತಕ ಇಡಿ: ಯಾರಿಗೆ ಯಾವ ದಿನ ಏನು ಕಳುಹಿಸಿದೆ, ಏನು ಉತ್ತರ ಬಂತು, ಎಷ್ಟು ಪ್ರತಿ ಕೊಟ್ಟೆ, ಎಷ್ಟು ಹಣ ಬಂತು, ಬಸ್ಸಿಗೆ ಎಷ್ಟು ಹೋಯಿತು. ಬ್ಯಾಂಕಿನವನ ಚಟ ಎಂದು ಮನೆಯಲ್ಲಿ ನಗುತ್ತಾರೆ. ಅದೇ ಪುಸ್ತಕದಿಂದಾಗಿ ಒಬ್ಬ ಪ್ರಕಾಶಕರಿಗೆ ಮೂರು ವರ್ಷದ ಬಾಕಿಯನ್ನು ದಿನಾಂಕ ಸಹಿತ ನೆನಪಿಸಲು ಆಯಿತು, ಅವರು ಕೊಟ್ಟೂ ಬಿಟ್ಟರು.

11. ಶಾಲೆಗೆ ಕರೆದಾಗ

ಕರೆಯುತ್ತಾರೆ. ಮೊದಲೇ ಫೋನಿನಲ್ಲಿ ಹೇಳಿಬಿಡಿ: ಹಾರ ಬೇಡ, ಶಾಲು ಬೇಡ, ವೇದಿಕೆ ಬೇಡ, ಮೈಕು ಬೇಡ. ಆದರೂ ಇರುತ್ತವೆ. ಸ್ವಾಗತ, ಪ್ರಾಸ್ತಾವಿಕ, ಪರಿಚಯ ಮುಗಿಯುವಷ್ಟರಲ್ಲಿ ಬಿಸಿಲಲ್ಲಿ ಕುಳಿತ ಮಕ್ಕಳು ಬಾಡಿರುತ್ತಾರೆ. ನಾನೀಗ ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ ಒಂದು ತರಗತಿಯಲ್ಲಿ ಕುಳಿತು ಓದಿಬಿಡುತ್ತೇನೆ, ಆಮೇಲೆ ವೇದಿಕೆಯ ಮೇಲೆ ಎರಡು ನಿಮಿಷ ಮಾತಾಡಿ ಇಳಿಯುತ್ತೇನೆ. ಮೂವತ್ತು ಮಕ್ಕಳಿಗಿಂತ ಹೆಚ್ಚಿಗೆ ಓದುವುದು ಭಾಷಣವಾಗುತ್ತದೆ. ಕೈಯಲ್ಲಿ ಐದು ಹೆಚ್ಚಿನ ಪ್ರತಿ ಇರಲಿ. ಒಂದನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡುವಾಗ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ, ಅವರ ಎದುರಿಗೇ ಒಂದು ಮಗುವಿನ ಕೈಗೆ ಕೊಡಿ.

12. ಪತ್ರಗಳಿಗೆ ಉತ್ತರ

ಪುಸ್ತಕದ ಕೊನೆಗೆ ಅಂಚೆ ವಿಳಾಸ ಹಾಕಿಸಿ, ಪ್ರಕಾಶಕರದ್ದಾದರೂ ಸರಿ. ಮಕ್ಕಳು ಬರೆಯುತ್ತಾರೆ, ಹೆಚ್ಚಾಗಿ ಮೇಷ್ಟರು ಹೇಳಿ ಬರೆಸಿದ್ದು, ಎಲ್ಲವೂ ಒಂದೇ ಥರ. ಅವುಗಳ ನಡುವೆ ಒಂದು ಬೇರೆಯದು ಬರುತ್ತದೆ. ಎಲ್ಲಕ್ಕೂ ಉತ್ತರ ಬರೆಯಿರಿ, 50 ಪೈಸೆಯ ಅಂಚೆ ಕಾರ್ಡಿನಲ್ಲಿ ನಾಲ್ಕು ಸಾಲು ಸಾಕು, ಮಗುವಿನ ಹೆಸರು ಸರಿಯಾಗಿ ಇರಬೇಕು, ಹದಿನೈದು ದಿನ ದಾಟಬಾರದು. ಹೋದ ವಾರ ರಾಯಚೂರು ಕಡೆಯಿಂದ ಬಂದ ಕಾರ್ಡಿನಲ್ಲಿ ನಮಸ್ಕಾರವೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಒಂದೇ ಸಾಲು: "ದಾರಿಯಲ್ಲಿ ಕೋಳಿ ಮೊಟ್ಟೆ ಇಟ್ಟರೆ ಮೊಟ್ಟೆಗೂ ಟಿಕೆಟ್ ಬೇಕಾ?" ಉತ್ತರ ಇನ್ನೂ ಬರೆದಿಲ್ಲ, ಹದಿನೈದು ದಿನದಲ್ಲಿ ಎಂಟು ಉಳಿದಿವೆ. ನಾಳೆ ಬಸ್‌ ನಿಲ್ದಾಣಕ್ಕೆ ಹೋಗಿ ಕಂಡಕ್ಟರ್ ಒಬ್ಬರನ್ನು ಕೇಳಬೇಕು.